ಬೆಂಕಿಬೆಟ್ಟದ ಬುಡದ ಗುಳ್ಳೆಗಳು

ಈಗ ನಾನು ನೀರುಳ್ಳಿ ಹೆಚ್ಚಿದರೆ ಕಣ್ಣೀರು ಬರುವುದಿಲ್ಲ ಮಕ್ಕಳೇ. ವಯಸ್ಸಾಗಿ ಕಣ್ಣು ಒಣಗಿದ್ದಲ್ಲ. ಮೊಮ್ಮಗಳು ಸಫಾ ಕೊಟ್ಟ, ಕಡಲಿನಲ್ಲಿ ಮುಳುಗುವವರ ಕನ್ನಡಕ ಹಾಕಿಕೊಂಡು ಹೆಚ್ಚುತ್ತೇನೆ, ಅಷ್ಟೇ. ಅದು ನನ್ನ ಓದುವ ಕನ್ನಡಕದ ಹಾಗಲ್ಲ. ಕಣ್ಣು, ಮೂಗು ಎರಡನ್ನೂ ಒಟ್ಟಿಗೆ ಮುಚ್ಚುವ ದಪ್ಪ ಗಾಜು, ಸುತ್ತ ಕಪ್ಪು ರಬ್ಬರು, ತಲೆಯ ಹಿಂದಕ್ಕೆ ಒಂದು ಪಟ್ಟಿ. ತಲೆವಸ್ತ್ರದ ಮೇಲೆಯೇ ಪಟ್ಟಿ ಎಳೆದುಕೊಂಡು ಕುಳಿತರೆ ಮದುವೆಮನೆಯ ಬಿರಿಯಾನಿಗೆ ಬೇಕಾದಷ್ಟು ನೀರುಳ್ಳಿಯನ್ನೂ ಅಳದೆ ಮುಗಿಸಬಹುದು.

ಮೊನ್ನೆ ನೆರೆಮನೆಯ ಕುಸುಮಕ್ಕ ಬೇವಿನೆಲೆ ಕೇಳಲು ಬಂದವಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು.

“ಅಯ್ಯೋ ದೇವರೇ, ಇದು ಎಂತ ವೇಷ ಮಾರಾಯ್ತಿ? ವಿಮಾನ ಬಿಡ್ಲಿಕ್ಕೆ ಹೊರಟದ್ದಾ?”

ನಾನು ಏನೋ ಹೇಳಿದೆ. ಮೂಗು ಮುಚ್ಚಿದ್ದರಿಂದ ಮಾತು ಗಡಿಗೆಯೊಳಗಿನಿಂದ ಬಂದಂತೆ ಬಂತು. ಕುಸುಮಕ್ಕ ನಗುತ್ತಾ ಅಲ್ಲೇ ಕುಸಿದು ಕುಳಿತಳು. “ಮೊದಲೇ ನಿಂಗೆ ಮಾತಿಲ್ಲ. ಇದ್ದ ಸ್ವಲ್ಪವನ್ನೂ ಈಗ ರಬ್ಬರಿನಲ್ಲಿ ಕಟ್ಟಿಟ್ಟಿದ್ದೀ” ಎಂದಳು. ಆಮೇಲೆ ತಾನೂ ಅದನ್ನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿದಳು. ಬೇವಿನೆಲೆ ಮರೆತು ಹೋದಳು.

ಅವಳು ಹೇಳಿದ್ದು ಸುಳ್ಳಲ್ಲ. ನನಗೆ ಮಾತು ಬಾರದು. ಮನೆಯಲ್ಲಿ ನಾವು ಆಡುವುದು ಬ್ಯಾರಿ, ಅಂಗಡಿಯಲ್ಲಿ ತುಳು, ಗಡಿ ದಾಟಿದರೆ ಮಲಯಾಳ. ಮೂರರಲ್ಲೂ ನಾನು ಮೂಕಿಯೇ. ಬರೆಯಲು ಕಲಿತದ್ದು ಮಾತ್ರ ಈಶ್ವರಮಂಗಲದ ಕಡೆಯ ಕನ್ನಡ ಶಾಲೆಯಲ್ಲಿ. ಹಾಗಾಗಿ ನಿಮಗೆ ಹೇಳಬೇಕಾದದ್ದನ್ನು ಹೀಗೆ ಕನ್ನಡದಲ್ಲಿ ಬರೆದು ಇಡುತ್ತೇನೆ. ಕಾಗದಕ್ಕೆ ನನ್ನ ಮುಖ ಕಾಣುವುದಿಲ್ಲ, ಅದೇ ಸುಖ.

ಶಾಲೆಯ ಒಂದು ದಿನ ನೆನಪಾಗುತ್ತದೆ. ಭೂಗೋಳದ ಮಾಷ್ಟ್ರು ಹಲಗೆಯ ಮೇಲೆ ಬೆಟ್ಟ ಬರೆದು, ತುದಿಗೆ ಕೆಂಪು ಸೀಮೆಸುಣ್ಣದಿಂದ ಬೆಂಕಿ ಹಚ್ಚಿದರು. ಅವರ ಅಂಗಿಯ ತೋಳೂ ಕೆಂಪಾಯಿತು. “ಇದು ಜ್ವಾಲಾಮುಖಿ. ಈಗಲೂ ಉರಿಯುವಂಥದ್ದು ನಮ್ಮ ದೇಶದಲ್ಲೇ ಒಂದು ಉಂಟು. ಎಲ್ಲಿ? ಹೇಳಿ ನೋಡುವಾ” ಎಂದರು. ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಪುಸ್ತಕ ಬಂದ ದಿನವೇ ನಾನು ಅದನ್ನು ಕೊನೆಯವರೆಗೆ ಓದಿ ಮುಗಿಸುತ್ತಿದ್ದೆ. ಉತ್ತರ ಗಂಟಲಿನವರೆಗೆ ಬಂತು, ಅಲ್ಲಿಂದ ಮೇಲೆ ಬರಲಿಲ್ಲ. ಮಾಷ್ಟ್ರು ತಾವೇ ಹೇಳಿ ಹಲಗೆ ಒರಸಿದರು. ಆ ಬೆಟ್ಟವನ್ನು ನಾನು ಒಂದು ದಿನ ಕಣ್ಣಾರೆ ಕಾಣುತ್ತೇನೆ ಎಂದು ಆಗ ಯಾರಾದರೂ ಹೇಳಿದ್ದರೆ, ನಾಚಿಕೊಂಡು ಬೆಂಚಿನ ಕೆಳಗೆ ಅಡಗುತ್ತಿದ್ದೆ.

ನನ್ನ ಈ ಮೂಕತನವನ್ನು ಮೆಚ್ಚಿದವರು ಇಡೀ ಲೋಕದಲ್ಲಿ ಒಬ್ಬರೇ, ನಿಮ್ಮ ಅಜ್ಜ. ಅವರನ್ನು ನಮ್ಮಲ್ಲಿಂದ ಮಂಡೆಕೋಲಿನವರೆಗೆ ಎಲ್ಲರೂ ಬಾವಿ ಅದ್ರಾಮಾಕ ಎನ್ನುತ್ತಿದ್ದರು. ಅವರು ಬಾವಿ ತೋಡುವವರಲ್ಲ, ಬಾವಿಗೆ ಬಿದ್ದದ್ದನ್ನು ತೆಗೆಯುವವರು. ಕೊಡಪಾನ ಬಿದ್ದರೆ ಮೊದಲು ಮನೆಯವರೇ ಕೊಕ್ಕೆಗಳ ಪಾತಾಳಗರಡಿ ಇಳಿಸಿ ಹುಡುಕುತ್ತಾರೆ. ಅದಕ್ಕೆ ಸಿಗದಿದ್ದರೆ ಇವರಿಗೆ ಕರೆ. ತಾಮ್ರದ ಹಂಡೆ, ಪಂಪಿನ ತುಂಡು, ಮದುಮಗಳ ಬೆಂಡೋಲೆ, ಒಮ್ಮೆ ಒಂದು ಜೀವಂತ ಆಡು, ಎಲ್ಲವನ್ನೂ ತೆಗೆದಿದ್ದಾರೆ. ಆ ಆಡು ಮೇಲೆ ಬಂದದ್ದೇ ಅವರ ಗಡ್ಡಕ್ಕೆ ಬಾಯಿ ಹಾಕಿತ್ತು.

ಅವರ ಸೊಂಟದ ಹಗ್ಗ ಹಿಡಿಯುವುದು ನನ್ನ ಕೆಲಸ. ಹೆಂಗಸರನ್ನು ಯಾಕೆ ಕರೆದುಕೊಂಡು ಬರುವುದು ಎಂದು ಯಾರೋ ಕೇಳಿದರೆ, “ಬೇರೆಯವರು ಹಗ್ಗ ಹಿಡ್ಕೊಂಡು ಊರ ಸುದ್ದಿ ಮಾತಾಡ್ತಾರೆ ಮಾರಾಯ್ರೆ. ಇವಳಿಗೆ ಸುದ್ದಿಯೇ ಇಲ್ಲ” ಎನ್ನುತ್ತಿದ್ದರು. ನನಗೂ ಅದು ಅನುಕೂಲವೇ. ಬಾವಿಕಟ್ಟೆಗೆ ಬಾಗಿ ನಿಂತರೆ ಮನೆಯವರ ಮುಖ ನೋಡಬೇಕಾಗಿಲ್ಲ.

ಅವರು ಮೊದಲು ದೀಪ ಇಳಿಸಿ ಒಳಗಿನ ಗಾಳಿ ಪರೀಕ್ಷಿಸುತ್ತಿದ್ದರು. ಆಮೇಲೆ ಮುರಕಲ್ಲಿನ ಗೋಡೆಯ ಮೆಟ್ಟಿಲಿನಲ್ಲಿ ಇಳಿದು, ಬಿಸ್ಮಿಲ್ಲಾ ಹೇಳಿ, ಎದೆ ತುಂಬ ಉಸಿರು ಎಳೆದು ಮುಳುಗುತ್ತಿದ್ದರು. ನೀರಿನೊಳಗೆ ಉಸಿರನ್ನು ಒಮ್ಮೆಲೇ ಬಿಡದೆ, ಮೂಗಿನಿಂದ ಸ್ವಲ್ಪ ಸ್ವಲ್ಪವೇ ಬಿಡುವುದು ಅವರ ಕ್ರಮ. ನನಗೆ ಮೇಲೆ ಕಾಣುವುದು ಆ ಗುಳ್ಳೆಗಳು ಮಾತ್ರ. ಗುಳ್ಳೆ ಅತ್ತಿತ್ತ ಓಡಾಡುತ್ತಿದ್ದರೆ ಅವರು ಹುಡುಕುತ್ತಿದ್ದಾರೆ ಎಂದು ಅರ್ಥ. ಒಂದೇ ಕಡೆ ನಿಂತು ಬರತೊಡಗಿದರೆ ಎಲ್ಲೋ ಸಿಕ್ಕಿಕೊಂಡಿದ್ದಾರೆ, ಆಗ ಯೋಚನೆ ಮಾಡದೆ ಎಳೆಯಬೇಕು. ಮದುವೆಯಾದ ಹೊಸತರಲ್ಲಿ ಅವರು ನನಗೆ ಕಲಿಸಿದ ಮೊದಲ ಪಾಠ ಅದು.

ಹಾಗೆ ನಿಜವಾಗಿ ಎಳೆಯಬೇಕಾಗಿ ಬಂದದ್ದು ಒಮ್ಮೆ. ಹಳೆಯ ಪಂಪಿನ ಪೈಪಿಗೆ ಲುಂಗಿಯ ತುದಿ ಸಿಕ್ಕಿತ್ತು. ಎಳೆದೆ, ಮನೆಯವರೂ ಕೈಹಾಕಿದರು. ಅಜ್ಜ ಮೂಗಿನಿಂದ ರಕ್ತ ಸುರಿಸುತ್ತಾ ಮೇಲೆ ಬಂದರು, ಮರುದಿನ ಗಂಜಿ ಕುಡಿದು ಎದ್ದು ಕುಳಿತರು. ನೀರು ಅವರಿಗೆ ಕೊನೆಯವರೆಗೂ ಏನೂ ಮಾಡಲಿಲ್ಲ. ಅವರನ್ನು ಕೊಂಡುಹೋದದ್ದು ಹಾಸಿಗೆಯ ಮೇಲಿನ ಜ್ವರ. ಆದರೆ ಆ ದಿನದ ರಕ್ತ ಕಂಡ ನನ್ನ ಮಗ ರಫೀಕ್, ಸಫಾಳ ಉಪ್ಪ, ಮತ್ತೆ ಬಾವಿಗೆ ಇಣುಕಲಿಲ್ಲ. ದೊಡ್ಡವನಾಗಿ ಹೋದದ್ದೂ ಬಾವಿ, ಹೊಳೆ ಒಂದೂ ಇಲ್ಲದ ಮರಳುಗಾಡಿನ ದೇಶಕ್ಕೆ.

ಅಲ್ಲಿ ಸಮುದ್ರ ಇರುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲವೋ ಏನೋ! ಅಲ್ಲೇ ಹುಟ್ಟಿದ ಸಫಾ ನಡೆಯುವುದಕ್ಕಿಂತ ಚೆನ್ನಾಗಿ ಈಜಿದಳು. ಕಾಲೇಜು ಮುಗಿಸಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿತು, ಕೊನೆಗೆ ಅಂಡಮಾನಿಗೆ ಹೋಗಿ ಅದನ್ನೇ ಬೇರೆಯವರಿಗೆ ಕಲಿಸುವ ಕೆಲಸಕ್ಕೆ ಸೇರಿದಳು. ಅವಳ ಉಮ್ಮನಿಗೆ ಇದ್ದದ್ದು ಬಟ್ಟೆಯ ಚಿಂತೆ. ಮುಳುಗುವವರ ಬಟ್ಟೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ, ತಲೆಗೆ ಟೊಪ್ಪಿಯೂ ಸೇರಿ, ಮುಖ ಬಿಟ್ಟು ಎಲ್ಲವನ್ನೂ ಮುಚ್ಚುತ್ತದೆ ಎಂದು ಪಟ ನೋಡಿ ತಿಳಿದ ಮೇಲೆ, “ಮದ್ರಸದಲ್ಲಿಯೂ ಇಷ್ಟು ಮುಚ್ಚಿಕೊಂಡವಳಲ್ಲ” ಎಂದು ನಕ್ಕು ಸುಮ್ಮನಾದಳು. ರಫೀಕ್ ಸುಮ್ಮನಾಗಲಿಲ್ಲ. ಬೆಂಕಿಬೆಟ್ಟದ ಸುತ್ತ ಮುಳುಗುವವರ ತಂಡಕ್ಕೆ ಈ ಸಲ ತಾನೇ ಮುಂದಾಳು ಎಂದು ಅವಳು ಖುಷಿಯಲ್ಲಿ ಹೇಳಿದ ದಿನ, ಅವನು ನನಗೆ ಫೋನು ಮಾಡಿದ.

“ಉಮ್ಮ, ನನ್ನ ಮಾತು ಅವಳು ಕೇಳುದಿಲ್ಲ. ನಿಮ್ಮದು ಕೇಳ್ತಾಳಂತೆ. ನೀವು ಹೋಗಿ ಕಣ್ಣಾರೆ ನೋಡಿ. ನೀವು ಬೇಡ ಅಂದ್ರೆ ಬಿಟ್ಟು ಬರ್ತೇನೆ ಅಂತ ಮಾತು ಕೊಟ್ಟಿದ್ದಾಳೆ.”

“ಬೇಕು ಅಂದ್ರೆ?” ಎಂದು ಕೇಳಿದೆ.

“ನೀವು ಯಾಕೆ ಬೇಕು ಅಂತೀರಿ?” ಎಂದ ಅವನು, ನಿಜವಾಗಿಯೂ ಅರ್ಥವಾಗದವನಂತೆ.

ನೋಡಿ, ಬದುಕಿನಲ್ಲಿ ಮೊದಲ ಬಾರಿ ನನ್ನ ಅಭಿಪ್ರಾಯಕ್ಕೆ ಬೆಲೆ ಬಂತು, ಅದೂ ಒಂದು ಹುಡುಗಿಯ ಅನ್ನದ ಮೇಲೆ, ಆಸೆಯ ಮೇಲೆ. ಮಂಗಳೂರಿನಿಂದ ವಿಮಾನ ಹತ್ತಿ, ಇಳಿದು, ಇನ್ನೊಂದು ಹತ್ತಿ, ಮತ್ತೆ ಹಡಗು ಹತ್ತಿ ಅವಳಿದ್ದ ದ್ವೀಪ ಮುಟ್ಟುವವರೆಗೂ ನನಗೆ ಅದೇ ಹೆದರಿಕೆ. ವಿಮಾನಕ್ಕೆ ಹೆದರಲು ಪುರಸೊತ್ತೇ ಸಿಗಲಿಲ್ಲ. ನನ್ನ ಚೀಲದಲ್ಲಿ ಅವಳಿಗೆಂದು ಅಕ್ಕಿರೊಟ್ಟಿಯಂಥ ಪತ್ತಿರಿ, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಕಾಡುಮಾವು. ತಪಾಸಣೆಯವರು ಮಾವಿನ ಭರಣಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಮಾತು ಬಾರದ ನಾನು ಸುಮ್ಮನೆ ಒಂದು ಮಾವು ತೆಗೆದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಬಿಟ್ಟರು.

ಸಫಾ ಮೊದಲ ದಿನವೇ ನನ್ನನ್ನು ಮೊಣಕಾಲಿನಷ್ಟು ನೀರಿಗೆ ಇಳಿಸಿದಳು. ಮುಖಕ್ಕೆ ಈ ಕನ್ನಡಕ ಕಟ್ಟಿದಳು. “ಉಮ್ಮಾಮ, ಸುಮ್ಮನೆ ಮುಖ ನೀರಿಗೆ ಹಿಡೀರಿ. ನಾನು ಕೈ ಹಿಡ್ಕೊಂಡಿದ್ದೇನೆ.” ಹಿಡಿದೆ. ಹಳದಿ ಪಟ್ಟೆಯ ಮೀನುಗಳು ನನ್ನ ಸೀರೆಯ ನೆರಿಗೆಯೊಳಗೆ ಓಡಾಡುತ್ತಿದ್ದವು, ನಾನು ಯಾರೆಂದು ಕೇಳದೆ. ಇಷ್ಟು ವರ್ಷ ನಾನು ನೀರಿನ ಮೇಲಿನ ಮುಚ್ಚಳ ಮಾತ್ರ ನೋಡಿದ್ದು. ನಿಮ್ಮ ಅಜ್ಜ ದಿನವೂ ಇಂಥ ಬೇರೆ ಲೋಕಕ್ಕೆ ಹೋಗಿಬರುತ್ತಿದ್ದರಲ್ಲ, ಮನೆಗೆ ಬಂದು ಒಂದು ಮಾತೂ ಹೇಳಲಿಲ್ಲವಲ್ಲ ಎಂದು ಸಣ್ಣ ಸಿಟ್ಟೂ ಬಂತು. ಬಾವಿಯಲ್ಲಿ ಹಳದಿ ಮೀನು ಎಲ್ಲಿಂದ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ.

ಆ ಸಂಜೆ ಅವಳು ತನ್ನ ವಿದ್ಯೆಯ ಮೊದಲ ನಿಯಮ ಹೇಳಿದಳು. “ಕೆಳಗೆ ಇರುವಾಗ ಉಸಿರು ಹಿಡೀಲೇಬಾರದು ಉಮ್ಮಾಮ. ಎಳೀತಾ, ಬಿಡ್ತಾ ಇರ್ಬೇಕು. ಹಿಡಿದ್ರೆ ಅಪಾಯ.” ನಾನು ಬೆರಗಾದೆ. ಅಜ್ಜನ ವಿದ್ಯೆ ಇಡೀ ಉಸಿರು ಹಿಡಿಯುವುದರಲ್ಲಿತ್ತು. ಮೊಮ್ಮಗಳದು ಹಿಡಿಯದೇ ಇರುವುದರಲ್ಲಿ. ಅದೇ ನೀರು!

ಬೆಂಕಿಬೆಟ್ಟವಿರುವ ಬ್ಯಾರನ್ ದ್ವೀಪಕ್ಕೆ ದೋಣಿ ರಾತ್ರಿಯಿಡೀ ಹೋಗಬೇಕು. ನಾನು ನಿದ್ದೆ ಹೋಗಿದ್ದೆ. ಬೆಳಿಗ್ಗೆ ಸಫಾ ಎಬ್ಬಿಸಿದಾಗ ಎದುರಿಗೆ ಬೆಟ್ಟ ನಿಂತಿತ್ತು.

ಹೇಗೆ ಬರೆಯಲಿ? ಸಮುದ್ರದ ನಡುವೆ, ಸುತ್ತ ಯಾರೂ ಇಲ್ಲದ ಕಡೆ, ಕಪ್ಪಗೆ ಒಂಟಿಯಾಗಿ ಕುಳಿತಿತ್ತು. ತುದಿಯಿಂದ ಹೊಗೆ ಏಳುತ್ತಿತ್ತು, ಒದ್ದೆ ಸೌದೆಯ ಒಲೆಯ ಹಾಗೆ, ಆತುರವಿಲ್ಲದೆ. ಒಂದು ಬದಿ ಹಸಿರು ಕಾಡು. ಇನ್ನೊಂದು ಬದಿ ತುದಿಯಿಂದ ಕಡಲವರೆಗೆ ಸುಟ್ಟ ಕಲ್ಲಿನ ದಾರಿ, ಕುದಿಯುವ ಬೆಲ್ಲದ ಪಾಕ ಉಕ್ಕಿ ಹರಿದು ಅಲ್ಲಲ್ಲೇ ಗಟ್ಟಿಯಾದಂತೆ. ಗಾಳಿ ನಮ್ಮ ಕಡೆ ತಿರುಗಿದಾಗ ಬೆಂಕಿಕಡ್ಡಿ ಗೀರಿದ ವಾಸನೆ. ಅಲ್ಲಿ ಯಾರೂ ಕಾಲಿಡುವ ಹಾಗಿಲ್ಲ, ದೋಣಿಯಿಂದಲೇ ನೋಡಬೇಕು. ಕಾಲಿಡಲು ಯಾರಿಗೆ ಧೈರ್ಯ? ನನಗೆ ಕೈಮುಗಿಯಬೇಕೆನಿಸಲಿಲ್ಲ, ಓಡಬೇಕೆಂದೂ ಅನಿಸಲಿಲ್ಲ. ಸೃಷ್ಟಿಸಿದವನು ತನ್ನ ಕೆಲಸವನ್ನು ಇನ್ನೂ ಮುಗಿಸಿಲ್ಲ, ಇಲ್ಲಿ ಒಲೆ ಆರಿಲ್ಲ ಎಂದು ತೋರಿತು. “ಅಂಡಮಾನ್, ಸರ್” ಎಂದು ಮೆಲ್ಲಗೆ ಹೇಳಿದೆ. ಮಾಷ್ಟ್ರಿಗೆ ಸಲ್ಲಬೇಕಾದ ಉತ್ತರ, ಬೆಟ್ಟದ ಮುಂದೆಯಾದರೂ ಬಾಯಿಬಿಟ್ಟು ಬಂತು.

ದೋಣಿಯ ಕಪ್ತಾನ ಕುಂಞಿಮೋನು. ಅವನ ಹಿರಿಯರು ಮಲಬಾರಿನಿಂದ ಹೋಗಿ ಅಲ್ಲೇ ನೆಲೆಸಿದವರು, ಹಾಗಾಗಿ ಅವನ ಮಲಯಾಳ ನನಗೆ ಅರ್ಥವಾಗುತ್ತಿತ್ತು. ಮಾತುಗಾರ. ನಾನು ಮಾತಾಡದಿದ್ದರೂ ನನ್ನ ಪಾಲಿನದನ್ನೂ ಅವನೇ ಆಡುತ್ತಿದ್ದ. “ಉಮ್ಮ, ಪುತ್ತೂರು ಅಂದ್ರೆ ಎಲ್ಲಿ? ಕಾಸರಗೋಡಿನಿಂದ ಮೇಲೆಯಾ? ಹೌದು ಹೌದು, ಮೇಲೆಯೇ.”

ಸಫಾ ಕಪ್ಪು ಬಟ್ಟೆ ತೊಟ್ಟು, ಸಿಲಿಂಡರ್ ಕಟ್ಟಿ, ಇಬ್ಬರು ಪ್ರವಾಸಿಗಳ ಪಟ್ಟಿ, ಕೊಳವೆ, ಗಡಿಯಾರದಂಥ ಯಂತ್ರ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಗಂಡ ಹೆಂಡತಿ ಅವರು, ದೂರದ ಊರಿನವರು. ಸಫಾ ದೋಣಿಯ ಅಂಚಿನಲ್ಲಿ ಕುಳಿತು, ನನ್ನತ್ತ ಕೈಬೀಸಿ, ಬೆನ್ನು ಹಿಂದಾಗಿ ಕಡಲಿಗೆ ಬಿದ್ದಳು. ಅವಳ ಸೊಂಟದಲ್ಲಿ ಹಗ್ಗವಿಲ್ಲ. ನಾನು ಹಿಡಿಯುವುದು ಏನನ್ನು?

ಆದರೂ ಅಭ್ಯಾಸ ಬಿಡುತ್ತದೆಯೇ? ಅಂಚಿಗೆ ಬಾಗಿ ಗುಳ್ಳೆ ಹುಡುಕಿದೆ. ಸುಟ್ಟ ಕಲ್ಲುಗಳ ಹತ್ತಿರ, ದೋಣಿಯಿಂದ ಒಂದು ಅಂಗಳದಷ್ಟು ದೂರದಲ್ಲಿ ಗುಳ್ಳೆಗಳು ಏಳುತ್ತಿದ್ದವು. ಅಲ್ಹಮ್ದುಲಿಲ್ಲಾ ಎಂದು ಅಲ್ಲಿಗೇ ಕಣ್ಣು ನೆಟ್ಟೆ. ಗುಳ್ಳೆಗಳು ಬಂದವು. ಮತ್ತೆ ಬಂದವು. ಅಲ್ಲೇ. ಅಲುಗದೆ ಅಲ್ಲೇ.

ನಾನು ಕಾದೆ. ಈಗ ಸರಿಯುತ್ತವೆ, ಈಗ ಸರಿಯುತ್ತವೆ ಎಂದುಕೊಂಡೆ. ಸರಿಯಲಿಲ್ಲ. ಕಲ್ಲಿನ ಸಂದಿಗೆ ಅವಳ ಕಾಲು ಸಿಕ್ಕಿತೇ? ಪಟ್ಟಿ ಸಿಕ್ಕಿತೇ? ಕುಂಞಿಮೋನು ಚಹಾ ಲೋಟ ಹಿಡಿದು ಇನ್ನೊಂದು ದಿಕ್ಕಿಗೆ ನೋಡುತ್ತಾ ಕುಳಿತಿದ್ದ.

ನನ್ನ ಗಂಟಲಿನಿಂದ ಒಂದು ಬೊಬ್ಬೆ ಹೊರಟಿತು. ನನ್ನದೇ ಎಂದು ನನಗೇ ಗೊತ್ತಾಗಲಿಲ್ಲ. “ಎಳೀರಿ! ಎಳೀರಿ! ಗುಳ್ಳೆ ಒಂದೇ ಕಡೆ ನಿಂತಿದೆ, ಎಳೀರಿ!” ಬ್ಯಾರಿಯೋ ತುಳುವೋ ಮಲಯಾಳವೋ, ಎಲ್ಲ ಸೇರಿ ಬಂತು. ದೋಣಿಯ ತಳದಲ್ಲಿ ಸುತ್ತಿಟ್ಟಿದ್ದ ದಪ್ಪ ಹಗ್ಗವನ್ನು ಬಾಚಿ ಹಿಡಿದು ಎಳೆಯತೊಡಗಿದೆ. ಎಳೆದಷ್ಟೂ ಬಂತು. ಅದರ ಆಚೆ ತುದಿಯಲ್ಲಿ ಯಾರೂ ಇರಲಿಲ್ಲ.

ಆ ಗಳಿಗೆಯಲ್ಲಿ ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು. ಅವಳು ಒಮ್ಮೆ ಮೇಲೆ ಬರಲಿ, ಕೈಹಿಡಿದು ಊರಿಗೆ ಕರೆದುಕೊಂಡು ಹೋಗುತ್ತೇನೆ. ರಫೀಕನಿಗೆ ‘ಬೇಡ’ ಎನ್ನುತ್ತೇನೆ. ಎರಡೇ ಅಕ್ಷರ, ನನಗೂ ಸುಲಭ.

ಕುಂಞಿಮೋನು ಚಹಾ ಚೆಲ್ಲಿಕೊಂಡು ಓಡಿ ಬಂದ. “ಎಂತಾಯ್ತು ಉಮ್ಮ? ಯಾರು ಬಿದ್ರು?” ನಾನು ಬೆರಳು ತೋರಿಸಿದೆ. ಅವನು ನೋಡಿದ, ನನ್ನ ಮುಖವನ್ನೂ ನೋಡಿದ. ನಗಲಿಲ್ಲ, ಅದಕ್ಕೆ ಅವನಿಗೆ ದೇವರು ಒಳ್ಳೆಯದು ಮಾಡಲಿ. ದೋಣಿಯನ್ನು ಮೆಲ್ಲಗೆ ಆ ಕಡೆ ಸರಿಸಿ, ಬಕೆಟ್ಟು ಇಳಿಸಿ ಗುಳ್ಳೆ ಏಳುವಲ್ಲಿಂದ ನೀರು ಎತ್ತಿ ನನ್ನ ಮುಂದಿಟ್ಟ.

“ಕೈ ಹಾಕಿ.”

ಹಾಕಿದೆ. ಹಸುಗೂಸನ್ನು ಮೀಯಿಸುವ ನೀರಿನಷ್ಟು ಬೆಚ್ಚಗಿತ್ತು.

“ಇದು ನಿಮ್ಮ ಹುಡುಗಿಯ ಉಸಿರಲ್ಲ ಉಮ್ಮ. ಬೆಟ್ಟದ್ದು. ಅಡಿಯಿಂದ ಬಿಡ್ತದೆ. ನಿಮ್ಮ ಹುಡುಗಿ ಅಲ್ಲಿದ್ದಾಳೆ, ನಾನು ಆಗಿನಿಂದ ಅವಳನ್ನೇ ನೋಡ್ತಾ ಕೂತದ್ದು.”

ಅವನು ತೋರಿಸಿದ ಕಡೆ ಇನ್ನೊಂದು ಗುಳ್ಳೆಯ ಸಾಲಿತ್ತು. ಮೂರು ಗೊಂಚಲುಗಳು. ಒಂದು ಮುಂದೆ, ಎರಡು ಹಿಂದೆ, ಮರಿಗಳನ್ನು ಕರೆದುಕೊಂಡು ಹೋಗುವ ಕೋಳಿಯ ಹಾಗೆ ನಿಧಾನವಾಗಿ ನಡೆಯುತ್ತಿದ್ದವು. ಮುಂದಿನದು ಆಗಾಗ ನಿಂತು, ಹಿಂದಿನವು ಹತ್ತಿರ ಬಂದ ಮೇಲೆ ಮತ್ತೆ ಹೊರಡುತ್ತಿತ್ತು. ನಾನು ಬಕೆಟ್ಟಿನ ಬೆಚ್ಚಗಿನ ನೀರಿನಲ್ಲಿ ಕೈಯಿಟ್ಟುಕೊಂಡೇ ಆ ನಡಿಗೆಯನ್ನು ನೋಡಿದೆ. ಗುಳ್ಳೆ ಓದಿ ಗುಳ್ಳೆ ಓದಿ ಮುದುಕಿಯಾದವಳು ನಾನು; ಬೆಟ್ಟಕ್ಕೂ ಉಸಿರಿದೆ ಎಂದು ನನಗೆ ಯಾರು ಹೇಳಿದ್ದರು?

ನಾವು ಅಂದುಕೊಂಡದ್ದಕ್ಕಿಂತ ಬೇಗ ಅವರು ಮೇಲೆ ಬಂದರು. ಆ ಗಂಡಸು ದೋಣಿ ಹತ್ತುತ್ತಲೇ ಗೊಣಗಿದ. ಹಿಂದಿಯಲ್ಲಿ. ಸಫಾ ಆಮೇಲೆ ನನಗೆ ಅರ್ಥ ಹೇಳಿದಳು: ಇಷ್ಟು ದೂರ ಬಂದು, ದೊಡ್ಡ ರೆಕ್ಕೆಯ ಮೀನು ಕಾಣುವ ಜಾಗಕ್ಕೆ ಇನ್ನು ಸ್ವಲ್ಪವೇ ಇರುವಾಗ ಯಾಕೆ ತಿರುಗಿಸಿದ್ದು ಎಂದು. ಅವನ ಹೆಂಡತಿಯ ಸಿಲಿಂಡರಿನ ಗಾಳಿ ಬೇಗ ಇಳಿಯುತ್ತಿತ್ತಂತೆ, ಹೆದರಿ ಜೋರಾಗಿ ಉಸಿರಾಡಿದ್ದಳಂತೆ.

ಸಫಾ ಅವನಿಗೆ ನಗುತ್ತಲೇ ಉತ್ತರ ಕೊಟ್ಟಿದ್ದಳು. “ಮೀನು ನಾಳೆಯೂ ಬರ್ತದೆ ಸರ್, ಬೆಟ್ಟ ನಾಳೆಯೂ ಇರ್ತದೆ. ಇವರಿಗೆ ಮೊದಲು ಬಿಸಿ ಬಿಸಿ ಚಹಾ ಕೊಡಿ.”

ನಿಮ್ಮ ಅಜ್ಜನೂ ಹೀಗೆಯೇ ಇದ್ದರು. ನೀರು ಕಲಕಿದ್ದರೆ, ಮೈ ಸರಿಯಿಲ್ಲದಿದ್ದರೆ, ಬರಿಗೈಯಲ್ಲಿ ಮೇಲೆ ಬಂದು “ಇವತ್ತು ಆಗುದಿಲ್ಲ” ಎಂದು ಮೈ ಒರಸಿಕೊಳ್ಳುತ್ತಿದ್ದರು. ಮನೆಯವರು ಏನೆಂದುಕೊಂಡಾರು ಎಂಬ ನಾಚಿಕೆ ಅವರಿಗಿರಲಿಲ್ಲ. ಮುಳುಗುವ ಧೈರ್ಯ ಕಂಡವರು ಬಹಳ ಮಂದಿ ಅವರನ್ನು ಹೊಗಳಿದ್ದಾರೆ. ನಾನು ಮೆಚ್ಚುತ್ತಿದ್ದುದು ಬರಿಗೈಯಲ್ಲಿ ಮೇಲೆ ಬರುವ ಧೈರ್ಯವನ್ನು. ಅದನ್ನು ಸಫಾಳಿಗೆ ಯಾರೂ ಕಲಿಸಿದ್ದಲ್ಲ. ಅಜ್ಜನನ್ನು ಅವಳು ನೋಡಿಯೇ ಇಲ್ಲ.

ನನ್ನ ಬೊಬ್ಬೆಯ ಕಥೆಯನ್ನು ಕುಂಞಿಮೋನು ಬಣ್ಣ ಹಚ್ಚಿ ಹೇಳಿದ. ಸಫಾ ಒದ್ದೆ ಮೈಯಲ್ಲೇ ಬಂದು ನನ್ನ ಪಕ್ಕ ಕುಳಿತಳು. ಹಗ್ಗ ಎಳೆದು ಕೆಂಪಾದ ನನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಉಮ್ಮಾಮ, ಕೆಳಗೆ ಮರಳೆಲ್ಲ ಕಪ್ಪು. ಸುಟ್ಟ ಕಲ್ಲಿನ ಮೇಲೆಯೇ ಹವಳ ಹುಟ್ಟಿದೆ, ಬಿಳಿ, ಕೆಂಪು, ನೇರಳೆ. ಬೆಂಕಿ ಹರಿದ ಜಾಗದಲ್ಲಿ! ಒಂದು ಕಡೆ ಮರಳಿಗೆ ಕೈಯಿಟ್ಟರೆ ಬೆಚ್ಚಗೆ ಇರ್ತದೆ, ಮಲಗಿದ ದನದ ಹೊಟ್ಟೆಯ ಹಾಗೆ” ಎಂದಳು. ಊರಿನ ರಜೆಯಲ್ಲಿ ಕುಸುಮಕ್ಕನ ಹಟ್ಟಿಯಲ್ಲಿ ಕುಳಿತಿರುತ್ತಿದ್ದ ಹುಡುಗಿಗೆ ಮಾತ್ರ ಬರುವ ಮಾತು ಅದು. ಆಮೇಲೆ ಬೆಟ್ಟವನ್ನು ನೋಡುತ್ತಾ ಕೇಳಿದಳು. “ಉಪ್ಪನಿಗೆ ಎಂತ ಹೇಳ್ತೀರಿ?”

ನಾನು ಸೆರಗಿನಿಂದ ಅವಳ ಒದ್ದೆ ಮುಖ ಒರಸಿದೆ. ಅವಳು ಎರಡನೆಯ ಸಲ ಕೇಳಲಿಲ್ಲ.

ದೋಣಿ ಮರಳಿ ಬಂದು ದಡ ಸೇರಿ ಫೋನಿಗೆ ಜೀವ ಬಂದದ್ದೇ ರಫೀಕನ ಕರೆ. ಸಫಾ ದೂರದ ತೊಟ್ಟಿಯಲ್ಲಿ ಮುಳುಗುವ ಸಾಮಾನುಗಳನ್ನು ಸಿಹಿನೀರಿನಲ್ಲಿ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

“ಉಮ್ಮ, ಹೇಳಿ. ಹೆದರಿಕೆ ಆಯ್ತಾ?”

“ಆಯ್ತು.”

“ಜೋರು ಆಯ್ತಾ?”

“ಜೀವ ಹೋದ ಹಾಗೆ ಆಯ್ತು.”

“ನಾನು ಹೇಳಿದ್ದಲ್ವಾ? ಹಾಗಾದ್ರೆ ಕರ್ಕೊಂಡು ಬನ್ನಿ. ಟಿಕೆಟು ನಾನೇ ಮಾಡ್ತೇನೆ.”

“ಬೇಡ ರಫೀಕ್. ಹೆದರಿದ್ದು ನಾನು. ಅದಕ್ಕೆ ಅವಳು ಯಾಕೆ ಕೆಲಸ ಬಿಡ್ಬೇಕು? ಅವಳು ಒಬ್ಬ ಹೆಂಗಸನ್ನು ಕೈಹಿಡಿದು ಮೇಲೆ ತಂದಳು. ಬಯ್ಯಿಸಿಕೊಂಡು ತಂದಳು, ನಗುತ್ತಾ ತಂದಳು. ನಿನ್ನ ಮಗಳ ಕೆಲಸ ನಾನು ನೋಡಿದ್ದೇನೆ. ಅವಳು ಇಲ್ಲಿಯೇ ಇರಲಿ.”

ತೊಟ್ಟಿಯ ಬಳಿ ಸಫಾ ತೊಳೆಯುವುದನ್ನು ನಿಲ್ಲಿಸಿದ್ದಳು.

“ಉಮ್ಮ,” ಎಂದ ರಫೀಕ್, “ಇದು ನೀವೇ ಮಾತಾಡುದಾ?”

“ನಾನೇ,” ಎಂದೆ. “ಫೋನು ಇಡಬೇಡ. ಬೆಟ್ಟದ ವಿಷಯ ಇನ್ನೂ ಉಂಟು, ಕೇಳು.”